ರನ್‌ವೇಯ ಉದ್ದವನ್ನು ಯಾರು ನಿರ್ಧರಿಸಬೇಕು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿರುವ ಸಾಂಟಾ ಮೋನಿಕಾ ನಗರವು 2017ರ ಡಿಸೆಂಬರಿನಲ್ಲಿ ಅಪರೂಪದ ಕೆಲಸವೊಂದನ್ನು ಮಾಡಿತು. 4,973 ಅಡಿ ಉದ್ದವಿದ್ದ ತನ್ನ ವಿಮಾನನಿಲ್ದಾಣದ ರನ್‌ವೇಯನ್ನು ಎರಡೂ ತುದಿಗಳಲ್ಲಿ ಕಡಿತಗೊಳಿಸಿ 3,500 ಅಡಿಗೆ ಇಳಿಸಿತು. ರನ್‌ವೇಗಳನ್ನು ಹಿಗ್ಗಿಸುವುದೇ ಅಭಿವೃದ್ಧಿಯೆಂದು ಎಲ್ಲೆಡೆ ನಂಬಿರುವ ಕಾಲದಲ್ಲಿ, ಅದೂ ಜಗತ್ತಿನ ಸಿರಿವಂತ ಪ್ರದೇಶವೊಂದರಲ್ಲಿ, ಊರಿನವರು ಪಟ್ಟು ಹಿಡಿದು ರನ್‌ವೇಯನ್ನು ಗಿಡ್ಡ ಮಾಡಿಸಿದ್ದೇಕೆ? ಮಲೆನಾಡಿನ ಹಳ್ಳಿಗಳಿಗೆ ಇದು ಸಂಬಂಧವಿಲ್ಲದ ದೂರದ ಸಂಗತಿಯೆಂದು ತೋರಬಹುದು. ಆದರೆ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿ ‘ಕಿರು ವಿಮಾನನಿಲ್ದಾಣ’ದ ಪ್ರಸ್ತಾಪಗಳು ವರ್ಷಗಳಿಂದ ಕೇಳಿಬರುತ್ತಿವೆ. ‘ಕಿರು’ ಎಂದರೆ ಎಷ್ಟು ಅಡಿ ಎಂದು ಕೇಳುವ ಅಭ್ಯಾಸ ಮಾತ್ರ ನಮಗಿನ್ನೂ ಬಂದಿಲ್ಲ.

ಸಾಂಟಾ ಮೋನಿಕಾದ ವಿಮಾನನಿಲ್ದಾಣ ಹಳೆಯದು. ಡಗ್ಲಾಸ್ ಕಂಪನಿಯ ಹೆಸರಾಂತ ಡಿಸಿ-3 ವಿಮಾನಗಳು ಅಲ್ಲಿಯೇ ತಯಾರಾದವು. ಕಾರ್ಖಾನೆಯ ಕೆಲಸಗಾರರ ಮನೆಗಳು ಅದರ ಸುತ್ತಲೂ ಎದ್ದವು. ಯುದ್ಧಾನಂತರ ಊರು ಬೆಳೆಯಿತು; ರನ್‌ವೇಯ ತುದಿಗೂ ಮನೆಗಳಿಗೂ ನಡುವೆ ಸುಮಾರು 300 ಅಡಿ ಅಂತರವಷ್ಟೇ ಉಳಿಯಿತು. ಅಲ್ಲಿಯವರೆಗೆ ಬಂದು ಹೋಗುತ್ತಿದ್ದುದು ಬಹುಮಟ್ಟಿಗೆ ಪ್ರೊಪೆಲ್ಲರಿನ ಚಿಕ್ಕ ವಿಮಾನಗಳು. ಅನಂತರ ಬಂದವು ಖಾಸಗಿ ಜೆಟ್‌ಗಳು. ಮೊದಮೊದಲು ಚಿಕ್ಕವು, ಬರಬರುತ್ತ ದೊಡ್ಡವು.

ಇಂಥ ವಿವಾದಗಳಲ್ಲಿ ಜೆಟ್ ಮಾಲೀಕರ ಕಡೆಯಿಂದ ಸಾಮಾನ್ಯವಾಗಿ ಕೇಳಿಬರುವ ವಾದವೊಂದಿದೆ: ವಿಮಾನನಿಲ್ದಾಣ ಮೊದಲೇ ಇತ್ತು, ಮನೆಗಳು ಆಮೇಲೆ ಬಂದವು, ಗೊತ್ತಿದ್ದೂ ಮನೆ ಕಟ್ಟಿಕೊಂಡವರು ಈಗ ದೂರುವುದೇಕೆ? ಮೇಲ್ನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಕಾಲಾನುಕ್ರಮವನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ವಿಮಾನನಿಲ್ದಾಣ ಮನೆಗಳಿಗಿಂತ ಮೊದಲು ಬಂದದ್ದು ನಿಜ. ಜೆಟ್‌ಗಳು ಬಂದದ್ದು ಮನೆಗಳ ನಂತರ. ಎತ್ತಿನ ಗಾಡಿ ಹೋಗಲೆಂದು ಬಿಟ್ಟುಕೊಟ್ಟ ದಾರಿಯಲ್ಲಿ ಅದಿರಿನ ಲಾರಿ ನುಗ್ಗಿಸಿ ‘ದಾರಿ ಮೊದಲೇ ಇತ್ತಲ್ಲ’ ಎನ್ನುವ ವಾದವನ್ನು ನಾವು ಇಲ್ಲಿಯೂ ಕೇಳಿದ್ದೇವೆ.

ಈಗ ಲೆಕ್ಕಕ್ಕೆ ಬರೋಣ. ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ತಾವೇ ಮಾಡಿ ನೋಡಬಹುದಾದ ಲೆಕ್ಕವಿದು. ಚಲಿಸುವ ವಸ್ತುವಿನ ಶಕ್ತಿ ಅದರ ತೂಕದೊಡನೆ ನೇರವಾಗಿಯೂ ವೇಗದ ವರ್ಗದೊಡನೆಯೂ ಹೆಚ್ಚುತ್ತದೆ. ತರಬೇತಿ ಶಾಲೆಗಳಲ್ಲಿ ಬಳಸುವ ನಾಲ್ಕು ಆಸನಗಳ ಸೆಸ್ನಾ 172 ವಿಮಾನ ಸುಮಾರು 1,100 ಕಿಲೋ ತೂಗುತ್ತದೆ. ಇಳಿಯುವಾಗ ಅದರ ವೇಗ ಸೆಕೆಂಡಿಗೆ ಸುಮಾರು 32 ಮೀಟರ್. ಶ್ರೀಮಂತರ ಅಚ್ಚುಮೆಚ್ಚಿನ ಗಲ್ಫ್‌ಸ್ಟ್ರೀಮ್-4 ಇಳಿಯುವಾಗ 30 ಟನ್‌ವರೆಗೆ ತೂಗಬಲ್ಲದು. ಅಷ್ಟು ಭಾರದಲ್ಲಿ ಅದರ ವೇಗ ಸೆಕೆಂಡಿಗೆ 70 ಮೀಟರಿನ ಆಸುಪಾಸಿನಲ್ಲಿರುತ್ತದೆ. ವೇಗ ಇಮ್ಮಡಿಗಿಂತ ತುಸು ಹೆಚ್ಚು, ತೂಕ ಇಪ್ಪತ್ತೇಳು ಪಟ್ಟು. ಆದರೆ ತಡೆದು ನಿಲ್ಲಿಸಬೇಕಾದ ಶಕ್ತಿ ಹೆಚ್ಚುಕಡಿಮೆ 130 ಪಟ್ಟು! ನಮಗೆ ಪರಿಚಿತವಾದ ಹೋಲಿಕೆ ಬೇಕೆಂದರೆ, 16 ಟನ್ ಹೇರಿದ ಲಾರಿಯೊಂದು ಘಟ್ಟದ ಇಳಿಜಾರಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆಯೆಂದು ಭಾವಿಸಿ. ಅಂಥ ಎಪ್ಪತ್ತಕ್ಕೂ ಹೆಚ್ಚು ಲಾರಿಗಳನ್ನು ಒಮ್ಮೆಗೇ ತಡೆದು ನಿಲ್ಲಿಸುವ ಕೆಲಸ ಆ ಒಂದು ಜೆಟ್ಟಿನ ಬ್ರೇಕುಗಳ ಮೇಲೂ ಎಂಜಿನ್ನಿನ ಹಿಮ್ಮುಖ ಒತ್ತಡದ ಮೇಲೂ ಬೀಳುತ್ತದೆ.

ಇದನ್ನೆಲ್ಲ ಬಲ್ಲವರೇ ನಿಯಮಗಳನ್ನು ಬರೆದಿದ್ದಾರೆ. ಅಮೆರಿಕದಲ್ಲಿ ಟಿಕೆಟ್ ಕೊಂಡು ಪ್ರಯಾಣಿಸುವ ಅಥವಾ ಬಾಡಿಗೆಗೆ ಪಡೆಯುವ ಜೆಟ್ ವಿಮಾನಗಳಿಗೆ ಒಂದು ಸಾಮಾನ್ಯ ಕಟ್ಟಳೆಯಿದೆ: ವಿಮಾನವು ರನ್‌ವೇಯ ಶೇ. 60ರಷ್ಟು ಉದ್ದದೊಳಗೆ ಇಳಿದು ನಿಲ್ಲುವಂತಿರಬೇಕು, ಉಳಿದ ಶೇ. 40 ಭಾಗ ಪೈಲಟ್ಟಿನ ಕೈತಪ್ಪಿಗೆ, ಬೀಸುಗಾಳಿಗೆ, ಸವೆದ ಟೈರಿಗೆ ಮೀಸಲು. ನೆಲ ಒದ್ದೆಯಾಗಿದ್ದರೆ ಇನ್ನೂ ಶೇ. 15ರಷ್ಟು ಉದ್ದ ಸೇರಿಸಬೇಕು. ಅಂದರೆ, 2,500 ಅಡಿಯಲ್ಲಿ ನಿಲ್ಲಬಲ್ಲ ಜೆಟ್ಟಿಗೆ ಒಣ ದಿನದಲ್ಲಿ ಸುಮಾರು 4,170 ಅಡಿ, ಮಳೆಯ ದಿನದಲ್ಲಿ ಸುಮಾರು 4,790 ಅಡಿ ಇರಲೇಬೇಕು. ಆದರೆ ಮಾಲೀಕನೇ ತನ್ನ ಸ್ವಂತ ಕೆಲಸಕ್ಕೆ ಹಾರಿಸುವ ಜೆಟ್ಟಿಗೆ ಈ ಶೇ. 60ರ ಕಟ್ಟಳೆ ಅನ್ವಯಿಸುವುದಿಲ್ಲ. ವಿಮಾನದ ಕೈಪಿಡಿ ನಿಲ್ಲಬಹುದು ಎಂದರೆ ಸಾಕು, ಅವನು ಇಳಿಯಬಹುದು. ತನ್ನ ಜೀವದ ಮೇಲೆ ತಾನು ಪಣವೊಡ್ಡುವ ಸ್ವಾತಂತ್ರ್ಯ ಅವನಿಗಿರಲಿ ಎಂಬುದು ಇದರ ಹಿಂದಿನ ತರ್ಕ. ಬಯಲಿನ ನಡುವೆ ಒಂಟಿಯಾಗಿ ಬಿದ್ದಿರುವ ರನ್‌ವೇಗಾದರೆ ಅದನ್ನು ಒಪ್ಪಬಹುದು. ರನ್‌ವೇ ಮುಗಿದ 300 ಅಡಿಗೆ ಒಬ್ಬರ ಅಡುಗೆಮನೆ ಇದ್ದರೆ ಪಣಕ್ಕಿಟ್ಟ ಜೀವ ಯಾರದು?

ನನ್ನ ವಾದದ ತಿರುಳು ಇಷ್ಟೇ. ವಿಮಾನಕ್ಕೆ ಬೇಕಾದ ಉದ್ದಕ್ಕೂ ರನ್‌ವೇಯ ಉದ್ದಕ್ಕೂ ನಡುವೆ ಕೊರತೆಯಿದ್ದರೆ ಆ ಕೊರತೆ ಗಾಳಿಯಲ್ಲಿ ಕರಗಿಹೋಗುವುದಿಲ್ಲ. ಯಾರಾದರೂ ಅದನ್ನು ತುಂಬಿಕೊಡಲೇಬೇಕು. ಮಾಲೀಕನು ಚಿಕ್ಕ ವಿಮಾನ ಇಟ್ಟುಕೊಂಡು ತುಂಬಬಹುದು, ತನ್ನ ನೆಲದಲ್ಲಿ ದೊಡ್ಡ ರನ್‌ವೇ ಮಾಡಿಕೊಂಡು ತುಂಬಬಹುದು. ಎರಡೂ ಆಗದಿದ್ದರೆ ಅದನ್ನು ತುಂಬಿಕೊಡುವವರು ನೆರೆಹೊರೆಯವರು.

ಎರಡನೆಯ ದಾರಿಯ ವಿಚಿತ್ರ ನಿದರ್ಶನ ಫ್ಲಾರಿಡಾದಲ್ಲಿದೆ. ಅಮೆರಿಕದಲ್ಲಿ ಮನೆಯಂಗಳದಿಂದಲೇ ವಿಮಾನ ಹತ್ತಿ ಹೋಗುವ ಬಡಾವಣೆಗಳು ನೂರಾರು ಇವೆ. ಇವುಗಳಲ್ಲಿ ಮೊದಲನೆಯದೆಂದು ಹೆಸರಾದ ಸಿಯೆರಾ ಸ್ಕೈ ಪಾರ್ಕ್ 1946ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಆರಂಭವಾಯಿತು. ಫ್ಲಾರಿಡಾದ ಸ್ಪ್ರೂಸ್ ಕ್ರೀಕ್ ಇವುಗಳಲ್ಲಿ ಬಹು ದೊಡ್ಡದು: 4,000 ಅಡಿಯ ಒಂದು ರನ್‌ವೇ, ಸುತ್ತ ಸಾವಿರಕ್ಕೂ ಹೆಚ್ಚು ಮನೆಗಳು. ಓಕಾಲಾ ಪಟ್ಟಣದ ಬಳಿಯ ಜಂಬೋಲೇರ್ ಮಾತ್ರ ಬೇರೆಯೇ ಬಗೆಯದು. ವ್ಯಾಯಾಮ ಯಂತ್ರಗಳಿಂದ ಹಣ ಮಾಡಿದ ಆರ್ಥರ್ ಜೋನ್ಸ್ ಎಂಬವರ ಎಸ್ಟೇಟ್ ಅದು. 1984ರಲ್ಲಿ ಅವರು ಜಿಂಬಾಬ್ವೆಯಲ್ಲಿ ಕೊಲ್ಲಲಿದ್ದ 63 ಆನೆಮರಿಗಳನ್ನು ವಿಮಾನದಲ್ಲಿ ತರಿಸಿ ಅಲ್ಲಿ ಸಾಕಿದರು. (ಆನೆಯ ಮಾತು ಬಂದರೆ ನಮ್ಮ ಕಡೆಯ ಓದುಗರ ಕಿವಿ ನೆಟ್ಟಗಾಗುತ್ತದೆಂದು ಬಲ್ಲೆ, ಆ ಕಥೆಗೆ ಬೇರೆಯೇ ಲೇಖನ ಬೇಕು.) ಅಲ್ಲಿನ ರನ್‌ವೇ 7,550 ಅಡಿ. ನಟ ಜಾನ್ ಟ್ರವೋಲ್ಟಾ ಅಲ್ಲಿ ಮನೆ ಕಟ್ಟಿಸಿ, 1964ರಲ್ಲಿ ಕ್ವಾಂಟಾಸ್ ಸಂಸ್ಥೆಗಾಗಿ ತಯಾರಾದ ಬೋಯಿಂಗ್ 707 ವಿಮಾನವನ್ನು ಮನೆಬಾಗಿಲಲ್ಲೇ ನಿಲ್ಲಿಸಿಕೊಂಡಿದ್ದರು. 2017ರಲ್ಲಿ ಅದನ್ನು ಆಸ್ಟ್ರೇಲಿಯಾದ ವಿಮಾನ ಸಂರಕ್ಷಣಾ ಸಂಘವೊಂದಕ್ಕೆ ದಾನ ಮಾಡುವುದಾಗಿ ಪ್ರಕಟಿಸಿದರು. ಒಬ್ಬ ಮನುಷ್ಯನ ಓಡಾಟಕ್ಕೆ ನಾಲ್ಕು ಎಂಜಿನ್ನುಗಳ, ಭರ್ತಿಯಾದರೆ ನೂರು ಟನ್ನಿಗೂ ಮಿಕ್ಕಿ ತೂಗುವ ವಿಮಾನ! ಇದನ್ನು ಯಾವ ಮಾತಿನಲ್ಲಿಯೂ ಸಮರ್ಥಿಸಲಾರೆ. ಆದರೂ ಒಂದು ಮಾತು ಹೇಳಬೇಕು. ಅಷ್ಟು ದೊಡ್ಡ ವಿಮಾನಕ್ಕೆ ಅಷ್ಟು ಉದ್ದದ ದಾರಿಯನ್ನು ಎಸ್ಟೇಟಿನೊಳಗೇ ಮಾಡಿಕೊಂಡಿದ್ದರು. ಊರಿನ ತಲೆಯ ಮೇಲೆ ಹೇರಿರಲಿಲ್ಲ.

ಸಾಂಟಾ ಮೋನಿಕಾದಲ್ಲಿ ನಡೆದದ್ದು ಮೂರನೆಯ ದಾರಿ. ಅದಕ್ಕೆ ಊರಿನವರು ತೋರಿದ ಪ್ರತಿರೋಧದ ಚರಿತ್ರೆಯಲ್ಲಿ ನಮಗೆ ಬೇಕಾದ ಪಾಠಗಳಿವೆ. 1970ರ ದಶಕದಲ್ಲಿ ನಗರವು ಜೆಟ್‌ಗಳನ್ನೇ ನಿಷೇಧಿಸಿತು. 1979ರಲ್ಲಿ ನ್ಯಾಯಾಲಯ ಆ ನಿಷೇಧವನ್ನು ರದ್ದುಗೊಳಿಸಿತು. ರಾತ್ರಿ ಹಾರಾಟದ ನಿರ್ಬಂಧದಂಥ ಇತರ ನಿಯಮಗಳನ್ನು ಉಳಿಸಿತು. 1984ರಲ್ಲಿ ಕೇಂದ್ರ ವಿಮಾನಯಾನ ಆಡಳಿತವಾದ ಎಫ್‌ಎಎ ಜೊತೆ ಒಪ್ಪಂದವಾಯಿತು; ಶಬ್ದಕ್ಕೆ ಮಿತಿ ಬಂತು. ಜೆಟ್‌ಗಳು ಮಾತ್ರ ಬರುತ್ತಲೇ ಇದ್ದವು. 2008ರಲ್ಲಿ ನಗರವು ಇನ್ನೂ ಜಾಣತನದ ಕಾಯಿದೆ ತಂದಿತು. ಎಲ್ಲ ಜೆಟ್‌ಗಳನ್ನಲ್ಲ, ಗಂಟೆಗೆ ಸುಮಾರು 224 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಇಳಿಯುವ ‘ಸಿ’ ಮತ್ತು ‘ಡಿ’ ವರ್ಗದ ವಿಮಾನಗಳನ್ನಷ್ಟೇ ತಡೆಯಿತು. ಅದರ ಆಧಾರ ಎಫ್‌ಎಎಯ ಸ್ವಂತ ಮಾನದಂಡವೇ ಆಗಿತ್ತು: ಅಂಥ ವಿಮಾನಗಳು ಬರುವ ರನ್‌ವೇಯ ಆಚೆ 1,000 ಅಡಿ ತೆರವಾದ ಸುರಕ್ಷಾ ಪ್ರದೇಶವಿರಬೇಕು. ಸಾಂಟಾ ಮೋನಿಕಾದಲ್ಲಿ ಆ ಜಾಗದಲ್ಲಿ ಬೀದಿಗಳೂ ಮನೆಗಳೂ ಇದ್ದವು. ಆದರೂ ಎಫ್‌ಎಎ ನಗರದ ವಿರುದ್ಧವೇ ನಿಂತಿತು. ಕೇಂದ್ರದ ಅನುದಾನ ಪಡೆದ ವಿಮಾನನಿಲ್ದಾಣ ಯಾವ ವರ್ಗದ ವಿಮಾನಕ್ಕೂ ಅನ್ಯಾಯದ ಭೇದ ತೋರಬಾರದು ಎಂಬುದು ಅದರ ವಾದ. 2011ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಮಾನದಂಡ ಬರೆದವರೇ ಅದನ್ನು ಕೇಳಿದವರ ಎದುರು ವಾದಿಸಿ ಗೆದ್ದರು.

ಅನುದಾನದ ಈ ಉರುಳನ್ನು ನಮ್ಮ ಪಂಚಾಯಿತಿ ಸದಸ್ಯರು ವಿಶೇಷವಾಗಿ ಗಮನಿಸಬೇಕು. ಹಣ ಬರುವಾಗ ಯಾರೂ ಷರತ್ತು ಓದುವುದಿಲ್ಲ. ಷರತ್ತು ತಿರುಗಿ ಕಚ್ಚುವ ಹೊತ್ತಿಗೆ ಹಣ ತಂದವರು ಊರಲ್ಲಿರುವುದಿಲ್ಲ.

2013ರ ಸೆಪ್ಟೆಂಬರಿನಲ್ಲಿ ಚಿಕ್ಕ ಜೆಟ್ಟೊಂದು ಇಳಿದ ಮೇಲೆ ರನ್‌ವೇಯಿಂದ ಪಕ್ಕಕ್ಕೆ ಸರಿದು ಹ್ಯಾಂಗರಿಗೆ ಬಡಿದು ಹೊತ್ತಿ ಉರಿಯಿತು. ಒಳಗಿದ್ದ ನಾಲ್ವರೂ ಸತ್ತರು. 2014ರ ನವೆಂಬರಿನ ಮತದಾನದಲ್ಲಿ, ವಿಮಾನನಿಲ್ದಾಣ ಮುಚ್ಚಿದರೆ ಆ ನೆಲ ಉದ್ಯಾನ, ಬಯಲು, ಕ್ರೀಡೆಗಳಿಗೆ ಮೀಸಲಾಗಬೇಕು, ಮತ್ತೇನನ್ನಾದರೂ ಕಟ್ಟಬೇಕಾದರೆ ಜನರ ಮತ ಬೇಕು ಎಂಬ ನಿಯಮವನ್ನು ನಾಗರಿಕರು ಬಹುಮತದಿಂದ ಗೆಲ್ಲಿಸಿದರು. ಇದು ಬಹಳ ದೂರದೃಷ್ಟಿಯ ನಡೆ. ಜೆಟ್ ಓಡಿಸಿದ ಮೇಲೆ ಬಿಲ್ಡರು ಬಂದು ಕುಳಿತರೆ ಏನು ಪ್ರಯೋಜನ? ಕೊನೆಗೆ 2017ರ ಜನವರಿಯಲ್ಲಿ ನಗರಕ್ಕೂ ಎಫ್‌ಎಎಗೂ ನ್ಯಾಯಾಲಯದ ಮುಂದೆ ರಾಜಿಯಾಯಿತು. ರನ್‌ವೇಯನ್ನು ಕೂಡಲೇ 3,500 ಅಡಿಗೆ ಇಳಿಸಬಹುದು. 2028ರ ಡಿಸೆಂಬರ್ 31ರ ನಂತರ ನಿಲ್ದಾಣವನ್ನೇ ಮುಚ್ಚಬಹುದು. ಇನ್ನೂ ಸುಮಾರು ಹನ್ನೆರಡು ವರ್ಷ ಕಾಯಬೇಕೇ ಎಂದು ಸಿಟ್ಟಾದ ನಿವಾಸಿಗಳೂ ಇದ್ದರು. ಆದರೆ ನಿಷೇಧದಿಂದ ಆಗದ ಕೆಲಸ, ಶಬ್ದಮಾಪಕದಿಂದ ಆಗದ ಕೆಲಸ, ಅಳತೆ ಟೇಪಿನಿಂದ ಆಯಿತು. ದೊಡ್ಡ ಜೆಟ್‌ಗಳ ಓಡಾಟ ಗಣನೀಯವಾಗಿ ಕುಸಿಯಿತು. ‘ನೀವು ಬರಬೇಡಿ’ ಎಂದರೆ ಭೇದಭಾವ. ‘ನಮ್ಮ ದಾರಿ ಇಷ್ಟೇ ಉದ್ದ’ ಎಂದರೆ ಅಲ್ಲ.

ಗೆಲುವನ್ನು ಹಿಗ್ಗಿಸಿ ಹೇಳುವುದು ಬೇಡ. ಸಾಂಟಾ ಮೋನಿಕಾಕ್ಕೆ ಬರಲಾಗದ ಜೆಟ್‌ಗಳಿಗೆ ವ್ಯಾನ್ ನೈಸ್‌ನಂಥ ಸುತ್ತಲಿನ ನಿಲ್ದಾಣಗಳು ಇದ್ದೇ ಇವೆ, ಅಲ್ಲಿಯೂ ಮನೆಗಳಿವೆ. ಉಳಿದುಕೊಂಡ ಚಿಕ್ಕ ವಿಮಾನಗಳೂ ನಿರ್ದೋಷಿಗಳಲ್ಲ. ಅವುಗಳ ಪಿಸ್ಟನ್ ಎಂಜಿನ್ನುಗಳು ಬಹುಪಾಲು ಇನ್ನೂ ಸೀಸ ಬೆರೆಸಿದ ಪೆಟ್ರೋಲನ್ನೇ ಸುಡುತ್ತವೆ. ಈ ಹೊಗೆ ಸಾರ್ವಜನಿಕ ಆರೋಗ್ಯಕ್ಕೆ ಅಪಾಯವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಿಧಿವತ್ತಾಗಿ ಘೋಷಿಸಿದ್ದು 2023ರಲ್ಲಿ. ಮಣ್ಣಿನ ವಿದ್ಯಾರ್ಥಿಯಾಗಿ ಹೇಳುವುದಾದರೆ, ಸೀಸವು ನೀರಿನೊಡನೆ ಬಸಿದುಹೋಗುವ ವಸ್ತುವಲ್ಲ. ಮೇಲ್ಮಣ್ಣಿನ ಜೇಡಿ ಮತ್ತು ಸಾವಯವ ಅಂಶಕ್ಕೆ ಅಂಟಿಕೊಂಡು ತಲೆಮಾರುಗಟ್ಟಲೆ ಕುಳಿತಿರುತ್ತದೆ. ಜೆಟ್ಟಿನ ಹೊಗೆಯಲ್ಲಿ ಸೀಸವಿಲ್ಲ. ಕಣ್ಣಿಗೆ ಕಾಣದ ಅತಿಸೂಕ್ಷ್ಮ ಕಣಗಳಿವೆ. ಸಾಂಟಾ ಮೋನಿಕಾದಲ್ಲಿಯೇ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗಾಳಿ ಬೀಸುವ ದಿಕ್ಕಿನಲ್ಲಿ ರನ್‌ವೇಯಿಂದ 100 ಮೀಟರ್ ದೂರದಲ್ಲಿ ಈ ಕಣಗಳು ಸಾಮಾನ್ಯಕ್ಕಿಂತ ಹತ್ತು ಪಟ್ಟು, 660 ಮೀಟರ್ ದೂರದ ಮನೆಗಳ ಬಳಿಯೂ ಎರಡೂವರೆ ಪಟ್ಟು ಇದ್ದುದನ್ನು ತೋರಿಸಿತು. ಇನ್ನು ಹವಾಮಾನದ ಲೆಕ್ಕ: 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ 2019ರಿಂದ 2023ರವರೆಗಿನ ನಾಲ್ಕೇ ವರ್ಷಗಳಲ್ಲಿ ಜಗತ್ತಿನ ಖಾಸಗಿ ವಿಮಾನಗಳ ಇಂಗಾಲದ ಹೊಮ್ಮುವಿಕೆ ಶೇ. 46ರಷ್ಟು ಏರಿತು, ಮತ್ತು ಅವುಗಳ ಹಾರಾಟಗಳಲ್ಲಿ ಅರ್ಧದಷ್ಟು 500 ಕಿಲೋಮೀಟರಿಗೂ ಕಡಿಮೆ ದೂರದವು. ಶಿವಮೊಗ್ಗದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಬರುವವರು ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಲಿ.

ನಮ್ಮ ನೆಲಕ್ಕೆ ಬಂದರೆ ಈ ಲೆಕ್ಕಗಳೆಲ್ಲ ಇನ್ನಷ್ಟು ಬಿಗಿಯಾಗುತ್ತವೆ. ಸಾಂಟಾ ಮೋನಿಕಾ ಕಡಲತೀರದ ಊರು, ಮಳೆ ಕಡಿಮೆ. ಸಾವಿರ ಮೀಟರ್ ಎತ್ತರದ ನಮ್ಮ ಗುಡ್ಡಗಳಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿ ತೆಳುವಾಗಿರುತ್ತದೆ. ಅದೇ ವಿಮಾನ ತೇಲಿಕೊಂಡಿರಲು ಹೆಚ್ಚು ವೇಗದಲ್ಲಿ ಬರಬೇಕಾಗುತ್ತದೆ, ತಡೆಯಬೇಕಾದ ಶಕ್ತಿ ಶೇ. 15ಕ್ಕೂ ಮಿಕ್ಕಿ ಹೆಚ್ಚುತ್ತದೆ. ಏರುವಾಗ ಎಂಜಿನ್ನಿನ ಬಲ ತಗ್ಗುತ್ತದೆ. ಮಳೆಗಾಲದ ಒದ್ದೆ ರನ್‌ವೇಯ ಮಾತು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಗುಡ್ಡ ಕಡಿದು ಮಾಡಿದ ರನ್‌ವೇಯ ತುದಿ ದಾಟಿದರೆ ಏನಾಗುತ್ತದೆಂದು ಮಂಗಳೂರು 2010ರ ಮೇ 22ರಂದು ಕಂಡಿದೆ. ಅಂದು 158 ಜನ ಸತ್ತರು. ಆ ರನ್‌ವೇ 2,450 ಮೀಟರ್ ಉದ್ದವಿತ್ತು, ಅಂದರೆ 8,000 ಅಡಿಗೂ ಹೆಚ್ಚು. ಬಹುದೂರ ತೇಲಿಬಂದು ತಡವಾಗಿ ನೆಲ ಮುಟ್ಟಿದ ವಿಮಾನಕ್ಕೆ ಅದೂ ಸಾಲಲಿಲ್ಲ.

ಇನ್ನು ನೆಲದ ಪ್ರಶ್ನೆ. ಅಂತರರಾಷ್ಟ್ರೀಯ ಮಾನದಂಡದಂತೆ ಚಿಕ್ಕ ವಿಮಾನಗಳ ರನ್‌ವೇಯ ಒಟ್ಟು ಇಳಿಜಾರು ಶೇ. 2ರವರೆಗೆ ಇರಬಹುದು, ದೊಡ್ಡವುಗಳದು ಶೇ. 1 ಮೀರಬಾರದು. ವಿಮಾನ ದೊಡ್ಡದಾದಂತೆ ನೆಲ ಉದ್ದವಾಗಬೇಕು, ಜೊತೆಗೆ ಇನ್ನಷ್ಟು ಸಪಾಟಾಗಬೇಕು. ಮಲೆನಾಡಿನಲ್ಲಿ ಸಪಾಟು ನೆಲವೆಂದರೆ ಯಾವುದು? ಒಂದೋ ಕಣಿವೆಯ ಗದ್ದೆ, ಇಲ್ಲವೇ ಗುಡ್ಡದ ನೆತ್ತಿಯ ಬ್ಯಾಣ. ಮೊದಲನೆಯದು ನಮ್ಮ ಅನ್ನ. ಎರಡನೆಯದು ದನಕರುಗಳ ಮೇವು, ಕೆಳಗಿನ ಒರತೆಗಳಿಗೆ ನೀರು ಇಂಗಿಸುವ ನೆಲ. 1,200 ಮೀಟರ್ ಉದ್ದ, 30 ಮೀಟರ್ ಅಗಲದ ಒಂದು ‘ಕಿರು’ ರನ್‌ವೇಯ ಡಾಂಬರಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಹರಿದು ಬರುವ ನೀರು 36 ಲಕ್ಷ ಲೀಟರ್. ಆಗುಂಬೆಯ ಸುತ್ತಮುತ್ತ ಆಷಾಢದಲ್ಲಿ ಅಷ್ಟು ಮಳೆ ಒಂದು ದಿನದ ಮಾತು. ಅಷ್ಟೂ ನೀರು ಬ್ಯಾಣದಲ್ಲಿ ಇಂಗುವ ಬದಲು ಒಂದೇ ಕಾಲುವೆಯಲ್ಲಿ ಧುಮುಕಿದರೆ ಕೆಳಗಿನ ತೋಟದ ಧರೆ ಉಳಿಯುವುದೇ? ಭಾರದ ಲೆಕ್ಕವನ್ನೂ ನೋಡಿ. ತುಂಬಿದ ಲಾರಿಯ ಹಿಂಬದಿಯ ಒಂದೊಂದು ಚಕ್ರ ಹೊರುವುದು ಎರಡೂವರೆಯಿಂದ ಮೂರು ಟನ್. ಮೇಲೇರಲು ಸಜ್ಜಾದ ಗಲ್ಫ್‌ಸ್ಟ್ರೀಮ್-4ರ ನಾಲ್ಕು ಮುಖ್ಯ ಚಕ್ರಗಳಲ್ಲಿ ಒಂದೊಂದೂ ಹೊರುವುದು ಏಳು ಟನ್ನಿಗೂ ಹೆಚ್ಚು. ನಮ್ಮ ಜಂಬಿಟ್ಟಿಗೆ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಮುದ್ದೆ. ಅದರ ಮೇಲೆ ಚಿಕ್ಕ ವಿಮಾನಕ್ಕೆಂದು ಹಾಸಿದ ತೆಳು ಡಾಂಬರು ಆ ಚಕ್ರಗಳಿಗೆ ಎಷ್ಟು ದಿನ ತಡೆದೀತು? ಕಿತ್ತುಹೋದ ಮೇಲೆ ದುರಸ್ತಿಯ ನೆಪದಲ್ಲಿ ಅಗಲವಾಗುತ್ತದೆ, ಉದ್ದವಾಗುತ್ತದೆ.

ಉದ್ದ ಮೊದಲು ಬೆಳೆಯುವುದು ಕಾಗದದ ಮೇಲೆ. ಶಿವಮೊಗ್ಗ ಸಮೀಪದ ಸೋಗಾನೆಯ ವಿಮಾನನಿಲ್ದಾಣವನ್ನು ಮೊದಲು ಯೋಜಿಸಿದ್ದು ಎಟಿಆರ್-72ರಂಥ ವಿಮಾನಗಳಿಗೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗುವ ಹೊತ್ತಿಗೆ ಏರ್‌ಬಸ್ ಇಳಿಯಬಲ್ಲ 3,200 ಮೀಟರಿನ ರನ್‌ವೇ ಆಗಿತ್ತು. ಅದು ಸಾರ್ವಜನಿಕ ನಿಲ್ದಾಣ. ಟಿಕೆಟ್ ಕೊಂಡ ಯಾರೂ ಹತ್ತಬಹುದು. ಅದರ ಒಳಿತು ಕೆಡುಕಿನ ಚರ್ಚೆ ಬೇರೆ. ಒಬ್ಬ ಎಸ್ಟೇಟ್ ಮಾಲೀಕನ, ಒಂದು ರೆಸಾರ್ಟಿನ ವಿಮಾನಪಟ್ಟಿಯೂ ಇದೇ ರೀತಿ ಬೆಳೆಯತೊಡಗಿದರೆ ತಡೆಯುವವರು ಯಾರು ಎಂಬುದಷ್ಟೇ ಇಲ್ಲಿನ ಪ್ರಶ್ನೆ. 2006ರ ಪರಿಸರ ಪರಿಣಾಮ ಅಧಿಸೂಚನೆಗೆ 2009ರ ಡಿಸೆಂಬರಿನಲ್ಲಿ ಬಂದ ತಿದ್ದುಪಡಿಯನ್ನು ಇಲ್ಲಿ ಓದಬೇಕು. ವಾಣಿಜ್ಯ ಬಳಕೆಯ ವಿಮಾನಪಟ್ಟಿಗಳನ್ನು ಪಟ್ಟಿಗೆ ಸೇರಿಸಿದ ಅದೇ ತಿದ್ದುಪಡಿ, ಇಂಧನ ತುಂಬುವ ಸೌಕರ್ಯವಾಗಲಿ ವಾಯು ಸಂಚಾರ ನಿಯಂತ್ರಣವಾಗಲಿ ಇಲ್ಲದ ವಿಮಾನಪಟ್ಟಿಗಳಿಗೆ ವಿನಾಯಿತಿ ಕೊಟ್ಟಿತು. ಅಂದರೆ, ಪೆಟ್ರೋಲ್ ಟ್ಯಾಂಕಿಲ್ಲ, ಗೋಪುರವಿಲ್ಲ ಎಂದು ಬರೆದುಕೊಟ್ಟರೆ ಪರಿಸರ ಅನುಮತಿಯ ಬಾಗಿಲನ್ನು ತಟ್ಟಬೇಕಾಗಿಯೇ ಇಲ್ಲ. ಸಾರ್ವಜನಿಕ ವಿಚಾರಣೆಯೂ ಇಲ್ಲ. ಖಾಸಗಿ ಜೆಟ್ಟೊಂದು ಬೆಂಗಳೂರಿನಲ್ಲಿ ಇಂಧನ ತುಂಬಿಕೊಂಡು ಇಲ್ಲಿಗೆ ಬಂದು ಮರಳಬಲ್ಲದು. ಅದಕ್ಕೆ ಇಲ್ಲಿ ಟ್ಯಾಂಕಿನ ಅಗತ್ಯವಾದರೂ ಎಲ್ಲಿದೆ?

ಆದ್ದರಿಂದ ವಿಮಾನಪಟ್ಟಿಯ ಮಾತು ಎಲ್ಲಿಯೇ ಎದ್ದರೂ ಗ್ರಾಮಸಭೆಯು ಉದ್ಯೋಗ, ಪ್ರವಾಸೋದ್ಯಮಗಳ ಭಾಷಣಕ್ಕೆ ಮೊದಲು ನಕ್ಷೆಯನ್ನು ತರಿಸಿಕೊಂಡು ಉದ್ದ, ಅಗಲ, ಇಳಿಜಾರು, ನೀರು ಹೊರಹೋಗುವ ದಿಕ್ಕು, ಅಲ್ಲಿ ಇಳಿಯಲಿರುವ ಅತಿ ಭಾರದ ವಿಮಾನದ ಹೆಸರು, ಇಷ್ಟನ್ನು ಬರಹದಲ್ಲಿ ಕೇಳಲಿ. ವಿಮಾನ ನಿಲ್ಲಲು ಬೇಕಾದ ಉದ್ದವನ್ನು 0.6ರಿಂದ ಭಾಗಿಸಿ, ಮಳೆಗೆಂದು 1.15ರಿಂದ ಗುಣಿಸಿ ನೋಡುವ ಕೆಲಸವನ್ನು ಹೈಸ್ಕೂಲು ಮಕ್ಕಳೇ ಮಾಡಬಲ್ಲರು. ಬಂದ ಉತ್ತರ ನಕ್ಷೆಯಲ್ಲಿರುವ ಉದ್ದಕ್ಕಿಂತ ಹೆಚ್ಚಾದರೆ ಆ ವಿಮಾನಕ್ಕೆ ಅಲ್ಲಿ ಒಪ್ಪಿಗೆ ಕೊಡಬಾರದು. ಉದ್ದದ ಗರಿಷ್ಠ ಮಿತಿಯು ಭೂಪರಿವರ್ತನೆಯ ಆದೇಶದಲ್ಲಿಯೇ ಷರತ್ತಾಗಿ ಸೇರಬೇಕು. ರನ್‌ವೇಯ ಎರಡೂ ತುದಿಗಳಾಚೆಗಿನ ಸುರಕ್ಷಾ ಪ್ರದೇಶವು ಅರ್ಜಿದಾರನ ಸ್ವಂತ ಸರ್ವೆ ನಂಬರುಗಳೊಳಗೇ ಇರಬೇಕು. ಪಕ್ಕದವನ ಗದ್ದೆಯಲ್ಲಲ್ಲ, ಸೊಪ್ಪಿನಬೆಟ್ಟದಲ್ಲಲ್ಲ, ಶಾಲೆಯ ಅಂಗಳದಲ್ಲಂತೂ ಅಲ್ಲವೇ ಅಲ್ಲ.